ಕೈ ಮುಗಿಯದ ಹಾಸ್ಯಗಾರ

ದೇವರಿಲ್ಲ ಎಂದು ಹೇಳುವಾಗ ಅವನು ದನಿ ಏರಿಸುತ್ತಿರಲಿಲ್ಲ. ಇವತ್ತು ಬಂಗಡೆ ಬಂದಿಲ್ಲ ಎಂದು ಮೀನುಪೇಟೆಯಲ್ಲಿ ಹೇಳುತ್ತಾರಲ್ಲ, ಅಷ್ಟೇ ಸಹಜವಾಗಿ ಹೇಳುತ್ತಿದ್ದ. ಹೇಳಿ ಮುಗಿಸಿ ತನ್ನ ಪಾಡಿಗೆ ಚಾ ಕುಡಿಯುತ್ತಿದ್ದ. ಕೇಳಿದವರೇ ಲೋಟ ಕೆಳಗಿಟ್ಟು, ಬೇರೆ ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡುತ್ತಿದ್ದರು.

ಇಪ್ಪತ್ತೆರಡು ವರ್ಷ ಅವನು ನಮ್ಮ ಯಕ್ಷಗಾನ ಮೇಳದ ಹಾಸ್ಯಗಾರನಾಗಿದ್ದ. ನಾನು ಅದೇ ಮೇಳದ ಭಾಗವತ. ರಂಗದ ಹಿಂಬದಿಯಲ್ಲಿ ತಾಳ ಹಿಡಿದು ಕೂತು ಪದ ಹೇಳುವುದು, ವೇಷ ಬಂದಾಗ ‘ಯಾರಪ್ಪಾ ನೀನು, ಬಂದ ಕಾರಣ ಏನು’ ಎಂದು ಮಾತಾಡಿಸುವುದು ನನ್ನ ಕೆಲಸ. ದೊಡ್ಡ ವೇಷದವರು ಎರಡು ಮಾತಿನಲ್ಲಿ ಉತ್ತರ ಕೊಟ್ಟು ಮುಂದೆ ಹೋಗುತ್ತಾರೆ. ಹಾಸ್ಯಗಾರ ಹಾಗಲ್ಲ. ಭಾಗವತ ಕೇಳುವ ಆ ಒಂದು ಪ್ರಶ್ನೆಯೇ ಅವನ ಬಂಡವಾಳ. ಅಲ್ಲಿಂದ ಅವನು ಎಲ್ಲಿಗೆ ಬೇಕಾದರೂ ಹೋಗಬಹುದು. ಇವನಂತೂ ಊರಿನ ಪಂಚಾಯತಿಯಿಂದ ಹಿಡಿದು ನನ್ನ ಬೊಜ್ಜಿನವರೆಗೆ ಎಲ್ಲ ಕಡೆ ಹೋಗಿ ಬರುತ್ತಿದ್ದ. ಹೀಗೆ ಇಪ್ಪತ್ತೆರಡು ವರ್ಷ ನಾವಿಬ್ಬರೂ ಜನರ ಎದುರಿಗೆ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದೇವೆ. ಹೆಂಡತಿಯ ಜೊತೆಗೂ ನಾನು ಅಷ್ಟು ಮಾತಾಡಿದವನಲ್ಲ.

ಅವನ ಹೆಸರು ಬರೆಯುವುದಿಲ್ಲ. ಹೊನ್ನಾವರ, ಕುಮಟೆ ಕಡೆಯ ಯಕ್ಷಗಾನದ ಆಟದ ಹುಚ್ಚಿನವರಿಗೆ ಹೆಸರಿಲ್ಲದೆಯೂ ಗೊತ್ತಾದೀತು, ಆಗಲಿ. ಒಂದು ಸಲ ಅವನನ್ನು ಕೇಳದೆ ಅವನ ಹೆಸರನ್ನು ಒಂದು ಕಡೆ ಬರೆಸಿದ್ದೇನೆ. ಅಷ್ಟೇ ಸಾಕು. ಅವನು ಹೋಗಿ ಒಂದು ತಿಂಗಳಾಯಿತು. ಎರಡು ವಾರದಿಂದ ನಾನು ಪದ ಹೇಳಿಲ್ಲ. ಮನೆಯಲ್ಲಿ ಒಂದು ಕಡೆ ಕೂರಲಾಗುವುದಿಲ್ಲ. ಅಂಗಳಕ್ಕೆ ಹೋಗುತ್ತೇನೆ, ಒಳಗೆ ಬರುತ್ತೇನೆ. ಹೆಂಡತಿ ನೋಡಿ ನೋಡಿ ನಿನ್ನೆ ಕೇಳಿಯೇಬಿಟ್ಟಳು. ‘ಎಂತ ಆಯ್ದು ಹೇಳಿ. ಶ್ರುತಿಪೆಟ್ಟಿಗೆ ಮುಟ್ಟದ್ದೆ ಎರಡು ವಾರ ಆತು.’ ಅವಳಿಗೆ ಹೇಳಿದೆ. ಬರೆದಾದರೂ ಹಾಕಿ ಎಂದಳು. ಹಾಗಾಗಿ ಬರೆಯುತ್ತಿದ್ದೇನೆ.

ಅವನು ಹೊನ್ನಾವರದ ಪಕ್ಕದ ಕಾಸರಕೋಡಿನವನು. ಮನೆಯವರು ದೋಣಿ, ಬಲೆ ನಂಬಿದವರು. ಮಳೆಗಾಲ ಬಿಟ್ಟು ಉಳಿದ ತಿಂಗಳು ಇವನು ಮೇಳದ ಜೊತೆ ತಿರುಗುತ್ತಿದ್ದ, ಅಣ್ಣಂದಿರು ಸಮುದ್ರಕ್ಕೆ ಹೋಗುತ್ತಿದ್ದರು. ಎತ್ತರ ಕಡಿಮೆ, ಕೈ ಉದ್ದ, ಮುಖದಲ್ಲಿ ನಗು ತರಿಸುವಂಥದು ಏನೂ ಇರಲಿಲ್ಲ. ಬ್ಯಾಂಕಿನಲ್ಲಿ ಸರತಿಯಲ್ಲಿ ನಿಂತರೆ ಯಾರೂ ಗುರುತು ಹಿಡಿಯುತ್ತಿರಲಿಲ್ಲ. ರಂಗದ ಮೇಲೆ ಎಡಗಾಲು ಸ್ವಲ್ಪ ಎಳೆದು ಒಳಗೆ ಬಂದನೆಂದರೆ ಮಾತಿಗೆ ಮೊದಲೇ ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಿದ್ದರು.

ದೇವರನ್ನು ಬಿಡಬೇಕಾದರೆ ಇವನಿಗೆ ಏನೋ ದುಃಖ ಬಂದಿರಬೇಕು ಎಂದು ಜನ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಮೊದಲ ಮಗು ಹೋಯಿತಂತೆ ಎಂದು ಕುಮಟೆ ಕಡೆ ಒಂದು ಕತೆ, ದೋಣಿ ಮುಳುಗಿತಂತೆ ಎಂದು ಭಟ್ಕಳ ಕಡೆ ಇನ್ನೊಂದು ಕತೆ. ಎರಡೂ ಸುಳ್ಳು. ಅವನಿಗೆ ಇದ್ದದ್ದು ಒಬ್ಬಳೇ ಮಗಳು, ಗಟ್ಟಿಮುಟ್ಟಾಗಿ ಗೋವೆಯಲ್ಲಿ ಸಂಸಾರ ಮಾಡುತ್ತಿದ್ದಾಳೆ. ದೋಣಿ ಇವತ್ತಿಗೂ ದಕ್ಕೆಯಲ್ಲಿ, ದೋಣಿ ಕಟ್ಟುವ ಕಟ್ಟೆಯ ಹತ್ತಿರ, ನಿಂತಿದೆ. ನಾನೂ ಒಮ್ಮೆ ಕಾರಣ ಕೇಳಿದೆ.

‘ಕಾರಣ ಎಂತದ್ದು? ಪ್ರಾಯದಲ್ಲಿ ಒಂದಿನ ಬಲೆ ಹೊಲಿತಾ ಕೂತಿದ್ದೆ. ದೇವ್ರು ಇದ್ದ ಅಂತ ಯಾಕೆ ಹೇಳ್ತ್ರು ಅಂತ ಯೋಚ್ನೆ ಬಂತು. ಬಲೆ ಮುಗಿಯೂದ್ರೊಳಗೆ ಇಲ್ಲ ಅಂತ ಅನಿಸ್ತು. ಅಷ್ಟೆ.’

‘ಅಷ್ಟೇಯ?’

‘ದೊಡ್ಡ ಬಲೆ ಆಗಿತ್ತು ಭಾಗ್ವತ್ರೆ.’

ನನಗೆ ಇದು ಸರಿಬರಲಿಲ್ಲ. ನಾನು ದಿನಾ ಸಂಧ್ಯಾವಂದನೆ ಮಾಡುವವ, ಪದ ಶುರುಮಾಡುವ ಮೊದಲು ತಾಳವನ್ನು ಕಣ್ಣಿಗೆ ಒತ್ತಿಕೊಳ್ಳುವವ. ನನ್ನಂಥವನಿಗೆ ನಾಸ್ತಿಕನೆಂದರೆ ಒಂದು ಸಿಟ್ಟಾದರೂ ಇರಬೇಕು, ಒಂದು ಗಾಯವಾದರೂ ಇರಬೇಕು. ಇವನಿಗೆ ದೇವರ ಮೇಲೆ ಸಿಟ್ಟೂ ಇರಲಿಲ್ಲ. ಇಲ್ಲದವನ ಮೇಲೆ ಎಂತ ಸಿಟ್ಟು ಎನ್ನುತ್ತಿದ್ದ.

ಆಟಕ್ಕೆ ಮೊದಲು ಚೌಕಿಯಲ್ಲಿ, ಅಂದರೆ ನಾವು ಬಣ್ಣ ಹಚ್ಚುವ ಕೋಣೆಯಲ್ಲಿ, ಗಣಪತಿಗೆ ಪೂಜೆಯಾಗುತ್ತದೆ. ಅರ್ಧ ಬಣ್ಣದಲ್ಲಿರುವವರೆಲ್ಲ ಎದ್ದು ಕೈಮುಗಿದು ನಿಲ್ಲುತ್ತಾರೆ. ಆರತಿ ತಟ್ಟೆ ಬಂದಾಗ ಇವನು ಹೊರಗೆ ಹೋಗುತ್ತಿದ್ದ. ತೋರಿಸಿಕೊಳ್ಳಲು ಅಲ್ಲ, ಯಾರಿಗೂ ಅಡ್ಡವಾಗದ ಹಾಗೆ ಮೆಲ್ಲಗೆ ಪರದೆ ಸರಿಸಿ ಹೋಗುತ್ತಿದ್ದ. ಪೂಜೆ ಮುಗಿದು ಪಂಚಕಜ್ಜಾಯ ಹಂಚುವ ಹೊತ್ತಿಗೆ ಸರಿಯಾಗಿ ವಾಪಸು ಬಂದು ಕೈ ಒಡ್ಡುತ್ತಿದ್ದ. ‘ದೇವ್ರು ಬೇಡ, ಕಜ್ಜಾಯ ಬೇಕನೋ?’ ಎಂದು ಮದ್ದಳೆಯವನು ಕೆಣಕಿದರೆ, ‘ಬೆಲ್ಲ ಎಂತ ತಪ್ಪು ಮಾಡ್ಯದೆ?’ ಎಂದು ಇನ್ನೊಂದು ಕೈಯನ್ನೂ ಒಡ್ಡುತ್ತಿದ್ದ. ತನ್ನ ಗೆಜ್ಜೆಯನ್ನು ಮಾತ್ರ ಅವನು ಯಾರಿಗೂ ದಾಟಲು ಬಿಡುತ್ತಿರಲಿಲ್ಲ. ಹೊಸದಾಗಿ ಸೇರಿದ ಸ್ತ್ರೀವೇಷದವನೊಬ್ಬ, ಒಳಗೊಳಗೆ ಭಕ್ತಿ ಇದೆ ನೋಡಿ ಎಂದು ಖುಷಿಪಟ್ಟ. ‘ತುಳಿದ್ರೆ ಗೆಜ್ಜೆ ಒಡಿತದೆ. ರಿಪೇರಿ ಮಾಡುವವ್ರು ಈಗ ಸಿಕ್ಕೂದಿಲ್ಲ,’ ಎಂದ ಇವನು.

ಭಟ್ಕಳದ ಪೇಟೆಯಲ್ಲಿ ನಾವು ವೇಷಕ್ಕೆ ಜರಿ, ಮಖಮಲ್ಲು ತರುತ್ತಿದ್ದ ಒಂದು ಬಟ್ಟೆ ಅಂಗಡಿಯಿದೆ. ಅದರ ಸಾಹೇಬರು ನವಾಯತ ಮುಸಲ್ಮಾನರು, ಐದು ಹೊತ್ತಿನ ನಮಾಜು ತಪ್ಪದ ಮನುಷ್ಯ. ಇವನ ಮಾತೆಂದರೆ ಅವರಿಗೆ ಪ್ರಾಣ. ಒಂದು ದಿನ ಅಳತೆ ಮಾಡುತ್ತಿದ್ದವರು ಗಜ ನಿಲ್ಲಿಸಿ ಕೇಳಿದರು.

‘ನಿಮ್ಮದು ಬಿಟ್ಟಿರಿ, ಸರಿ. ನಮ್ಮದೂ ಇಲ್ಲ ಅಂತೀರಾ?’

‘ಮನೆಯವ್ರದ್ದು ಒಂದ್ನ ಬಿಟ್ಟು ಪಕ್ಕದ್ಮನೆಯದ್ನ ಇಟ್ಕೊಂಡ್ರೆ ಮನೆಯವ್ರಿಗೆ ಬೇಜಾರಾಗ್ತದೆ ಸಾಹೇಬ್ರೆ.’

ಸಾಹೇಬರು ನಗುತ್ತಾ ಕೂತಲ್ಲೇ ಕಣ್ಣೊರೆಸಿಕೊಂಡರು. ಚಾ ತರಿಸಿದರು. ‘ನಿಮಗೋಸ್ಕರ ನಾನು ದುವಾ ಮಾಡ್ತೀನಿ, ಅದಕ್ಕೆ ನಿಮ್ಮ ಪರ್ಮಿಶನ್ ಬೇಡ,’ ಎಂದರು. ‘ಮಾಡಿ, ನಿಮ್ಮ ಚಾ ಕುಡಿಯೂಕೆ ನಿಮ್ಮ ದೇವ್ರ ಪರ್ಮಿಶನ್ ನಾನೂ ಕೇಳೂದಿಲ್ಲ,’ ಎಂದು ಇವನು ಸೊರಸೊರ ಕುಡಿದ. ಆಗೆಲ್ಲ ಹಾಗಿತ್ತು. ಇಂಥ ಮಾತನ್ನು ಜನ ನಕ್ಕು ಅಲ್ಲೇ ಬಿಡುತ್ತಿದ್ದರು. ‘ಅಂವ ಹಾಗೆಯೇ’ ಎಂಬ ಒಂದು ಮಾತಿನಲ್ಲಿ ಎಲ್ಲ ಮುಗಿಯುತ್ತಿತ್ತು.

ಗೇರುಸೊಪ್ಪೆಯ ಒಂದು ಆಟ ನೆನಪಾಗುತ್ತದೆ. ಅವತ್ತು ಅವನದು ದೇವಸ್ಥಾನದ ಅರ್ಚಕನ ವೇಷ. ಮಂತ್ರ ಹೇಳುತ್ತಾ ಬಾಳೆಹಣ್ಣು ನುಂಗುವ ಅರ್ಚಕ. ಆದರೆ ನಗಿಸುವ ಮೊದಲು ಒಂದು ಗಳಿಗೆ, ನೈವೇದ್ಯ ಇಡುವಾಗ, ಅವನು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆ ಗಳಿಗೆಯಲ್ಲಿ ನಾನು ದಿನಾ ಮಾಡುವ ಪೂಜೆ ನನಗೇ ನಾಚಿಕೆಯಾಗುವಂತೆ ನಿಲ್ಲುತ್ತಿದ್ದ. ಆಟ ಮುಗಿದ ಮೇಲೆ ಒಬ್ಬ ಮುದುಕಿ ಚೌಕಿಗೆ ಬಂದು ಅವನ ಕಾಲಿಗೆ ಬೀಳಹೋದಳು. ಮೊಮ್ಮಗಳಿಗೆ ವಾರದಿಂದ ಜ್ವರ ಬಿಟ್ಟಿಲ್ಲ, ತಲೆ ಮೇಲೆ ಕೈ ಇಟ್ಟು ಒಂದು ಮಾತು ಹೇಳಿ ಎಂದಳು. ನಾನಾಗಿದ್ದರೆ ಕೈ ಇಟ್ಟುಬಿಡುತ್ತಿದ್ದೆ. ಏನು ಗಂಟು ಹೋಗುತ್ತದೆ?

ಅವನು ತಲೆಯ ಮುಂಡಾಸು ತೆಗೆದು ಕೆಳಗಿಟ್ಟ. ‘ಅಮ್ಮಾ, ನಾ ವೇಷ. ನನ್ ಕೈಯಲ್ಲಿ ಎಂತದ್ದೂ ಇಲ್ಲ. ಆಸ್ಪತ್ರೆಗೆ ತೋರ್ಸಿದ್ಯನೇ?’ ತೋರಿಸಿರಲಿಲ್ಲ. ಮರುದಿನ ನಾವೆಲ್ಲ ಮುಂದಿನ ಕ್ಯಾಂಪಿಗೆ ಹೊರಟರೆ ಅವನು ಮೊದಲ ಬಸ್ಸಿಗೆ ಅಜ್ಜಿ ಮೊಮ್ಮಗಳನ್ನು ಹತ್ತಿಸಿಕೊಂಡು ಹೊನ್ನಾವರದ ಆಸ್ಪತ್ರೆಗೆ ಹೋದ. ಸಂಜೆ ಆಟಕ್ಕೆ ಓಡಿಬಂದು, ಊಟವಿಲ್ಲದೆ ಬಣ್ಣಕ್ಕೆ ಕೂತ. ಆ ಹುಡುಗಿಗೆ ಗುಣವಾಯಿತು. ಮುದುಕಿ ಮಾತ್ರ ಅದು ಅವನ ಕೈಗುಣ, ದೇವರೇ ಅವನ ರೂಪದಲ್ಲಿ ಬಂದದ್ದು ಎಂದು ಊರೆಲ್ಲ ಹೇಳಿಕೊಂಡು ಬಂದಳು. ‘ನೋಡಿ, ಬಸ್ಸಲ್ಲಿ ನಿಂತ್ಕೊಂಡು ಹೋದವ ನಾನು. ಹೆಸರು ಯಾರಿಗೆ ಹೋತು?’ ಎಂದು ಅವನು ನಗಾಡಿದ.

ಈಗ ಹೇಳಲು ಕಷ್ಟವಾಗುವ ಭಾಗಕ್ಕೆ ಬರುತ್ತೇನೆ.

ಮೂರು ವರ್ಷದ ಹಿಂದೆ ಕುಮಟೆಯಲ್ಲಿ ಒಂದು ಸಂಘದವರು ಅವನಿಗೆ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಕಾರ್ಯಕ್ರಮ ಮುಗಿದ ಮೇಲೆ ಮೊಬೈಲು ಹಿಡಿದ ಒಬ್ಬ ತರುಣ ಬಂದು, ‘ಇಷ್ಟು ವರ್ಷದ ಕಲಾಸೇವೆ, ಎಲ್ಲ ದೇವರ ಅನುಗ್ರಹ ಅಲ್ವಾ ಸರ್?’ ಎಂದ. ನಾನು ಪಕ್ಕದಲ್ಲೇ ಇದ್ದೆ. ಹೌದಪ್ಪ ಎಂದುಬಿಟ್ಟರೆ ಮುಗಿಯುತ್ತಿತ್ತು.

‘ಇಲ್ಲ. ದೇವ್ರು ಇಲ್ಲ. ಮಂಡಿನೋವು ನಂದು, ಗುರುಗಳ ಕೈಯಲ್ಲಿ ತಿಂದ ಪೆಟ್ಟು ನಂದು. ನಗಾಡ್ದವ್ರು ಇಲ್ಲಿ ಕೂತ್ಕಂಡ ಜನ. ಅದ್ನೆಲ್ಲ ಇಲ್ಲದವ್ರ ಹೆಸ್ರಿಗೆ ಹ್ಯಾಂಗೆ ಬರಿಯೂದು?’

ಮೊಬೈಲಿನಲ್ಲಿ ಊರೂರು ತಿರುಗಿದ್ದು ಇಷ್ಟುದ್ದದ ಮಾತಲ್ಲ. ‘ಇಲ್ಲ. ದೇವ್ರು ಇಲ್ಲ’ ಎಂಬಷ್ಟೇ. ಕೊರಳಲ್ಲಿ ಹಾರ, ಬೆನ್ನ ಹಿಂದೆ ವೇದಿಕೆಯ ಗಣಪತಿ ಪಟ, ಮುಂದೆ ಈ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವನು ಆ ಮಾತನ್ನು ನಲವತ್ತು ವರ್ಷದಿಂದ ಆಡುತ್ತಿದ್ದ, ಏನೂ ಒಡೆದಿರಲಿಲ್ಲ. ಮೊಬೈಲಿಗೆ ಹೋದದ್ದೇ ತಡ, ಅವನ ಮಾತು ಕೇಳಿ ನಕ್ಕವರಿಗೇ ಅದು ಅವಮಾನವಾಗಿ ಕಂಡಿತು.

ನಮ್ಮ ಮೇಳ ನಡೆಯುವುದೇ ಹರಕೆಯ ಆಟಗಳ ಮೇಲೆ. ಮದುವೆಯಾಗಲಿ, ಮಗುವಾಗಲಿ, ಒಂದು ಆಟ ಆಡಿಸುತ್ತೇನೆ ಎಂದು ಜನ ಹೊತ್ತುಕೊಳ್ಳುತ್ತಾರೆ, ಈಡೇರಿದ ಮೇಲೆ ನಮ್ಮನ್ನು ಕರೆಸುತ್ತಾರೆ. ದೇವರಿಗೆ ಕೊಡುವ ಆಟದಲ್ಲಿ ದೇವರಿಲ್ಲ ಎನ್ನುವವನಿಗೇನು ಕೆಲಸ ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆಯಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಮೇಳದ ಯಜಮಾನರು ನನ್ನನ್ನು ಕರೆದರು. ‘ಇಡಗುಂಜಿ ಗಣಪತಿ ದೇವಸ್ಥಾನಕ್ಕೆ ಹೋಗಿ ಒಂದು ಸೇವೆ ಕೊಟ್ಟು, ತಪ್ಪಾತು ಅಂತ ಕೈ ಮುಗಿದು ಬರ್ಲಿ. ಇಲ್ಲದಿದ್ರೆ ನಾ ಬೇರೆ ಹಾಸ್ಯಗಾರನ್ನ ನೋಡ್ಬೇಕಾಗ್ತದೆ. ನಿಮ್ ಮಾತು ಕೇಳ್ತ, ನೀವೇ ಹೇಳಿ,’ ಎಂದರು.

ಹೇಳಿದೆ. ಶರಾವತಿ ಸೇತುವೆ ಪಕ್ಕದ ಚಾ ಅಂಗಡಿಯಲ್ಲಿ ಕೂತು ಹೇಳಿದೆ. ಒಂದು ನಮಸ್ಕಾರ ಅಷ್ಟೆ, ಯಾರ ಅಪ್ಪನ ಗಂಟು ಹೋಗುತ್ತದೆ ಎಂದೆ. ಮೇಳ ಬಿಟ್ಟರೆ ನೀನು ಬದುಕಿರುವುದಿಲ್ಲ ಎಂದೂ ಹೇಳಿದೆ.

ಅವನು ಲೋಟ ಕೆಳಗಿಟ್ಟ. ‘ರಂಗದ ಮೇಲೆ ನಾ ದಿನಾ ಸುಳ್ಳ್ ಹೇಳ್ತೆ ಭಾಗ್ವತ್ರೆ. ಅದು ಸುಳ್ಳು ಅಂತ ಎಲ್ರಿಗೂ ಗೊತ್ತದೆ, ಅದ್ಕೆ ನಗಾಡ್ತ್ರು. ಕೆಳಗೆ ಇಳ್ದ ಮೇಲೂ ಸುಳ್ಳ್ ಹೇಳಿದ್ರೆ ನಾ ಎಲ್ಲಿ ನಿಲ್ಲೂದು? ಬೇರೆಯವ್ರನ್ನ ನೋಡ್ಲಿ. ಆತು.’

ಅವನಿಗೆ ಅದು ಆಗಿತ್ತು. ನನಗೆ ಆಗಲಿಲ್ಲ. ಇನ್ನೊಬ್ಬ ಹಾಸ್ಯಗಾರನ ಮುಖ ನೋಡಿ ಯಾರಪ್ಪಾ ನೀನು ಎಂದು ನಾನು ಹೇಗೆ ಕೇಳಲಿ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಎರಡು ದಿನ ಲೆಕ್ಕ ಹಾಕಿದೆ. ಮೂರನೆಯ ದಿನ ಬೆಳಿಗ್ಗೆ ಮಿಂದು ಇಡಗುಂಜಿಗೆ ಹೋದೆ. ಪಂಚಕಜ್ಜಾಯ ಸೇವೆಗೆ ಹೆಸರು ಕೇಳಿದರು. ಅವನ ಹೆಸರು ಬರೆಸಿದೆ. ಗೆಳೆಯನ ಹೆಸರಿನಲ್ಲಿ ಸೇವೆ ಕೊಟ್ಟರೆ ತಪ್ಪೇನು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ದೇವರ ಎದುರು ನಿಂತಾಗ ಮಾತ್ರ ಏನೂ ಹೇಳಿಕೊಳ್ಳಲಾಗಲಿಲ್ಲ. ರಸೀದಿ ತಂದು ಯಜಮಾನರ ಕೈಗಿಟ್ಟೆ. ಬಂದಿದ್ದನಾ ಎಂದು ಅವರು ಕೇಳಲಿಲ್ಲ. ಬರಲಿಲ್ಲ ಎಂದು ನಾನೂ ಹೇಳಲಿಲ್ಲ. ಮೊದಲು ಗಲಾಟೆ ಆರಲಿ, ಆಮೇಲೆ ನಿಧಾನಕ್ಕೆ ಅವನಿಗೆ ತಿಳಿಸಿದರಾಯಿತು ಎಂದುಕೊಂಡೆ.

ಮುಂದಿನ ವಾರ ಹೊನ್ನಾವರ, ಕುಮಟೆ ನಡುವಿನ ಒಂದು ಊರಿನಲ್ಲಿ ಆಟ. ಈಗಿನವು ಸಂಜೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುವ ಆಟಗಳು. ಶಾಲೆಯ ಬಯಲಿನ ತುಂಬ ಜನ. ಅವನದು ಅರಮನೆಯ ಬಾಗಿಲು ಕಾಯುವವನ ವೇಷ, ಕೈಯಲ್ಲಿ ಕೋಲಿನ ಬದಲು ಹಿಡಿಕಡ್ಡಿ ಪೊರಕೆ. ಅವನು ಬರುವ ಮೊದಲು ಹರಕೆ ಹೊತ್ತ ಮನೆಯ ಹಿರಿಯರು ಮೈಕು ಹಿಡಿದರು. ನಮ್ಮ ಹಾಸ್ಯಗಾರರು ಬಾಯಿತಪ್ಪಿ ಆಡಿದ ಮಾತಿಗೆ ಇಡಗುಂಜಿ ಮಹಾಗಣಪತಿಯಲ್ಲಿ ಕ್ಷಮೆ ಕೇಳಿ ಸೇವೆ ಕೊಟ್ಟಿದ್ದಾರೆ, ಯಜಮಾನರು ಕೊಟ್ಟ ರಸೀದಿ ಇಲ್ಲಿದೆ, ಇನ್ನು ಯಾರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅವನು ರಂಗಕ್ಕೆ ಬಂದ. ಕಾಲು ಎಳೆಯಲಿಲ್ಲ. ನೆಟ್ಟಗೆ ನಡೆದು ಬಂದು ನನ್ನ ಎದುರು ನಿಂತು ನನ್ನ ಮುಖ ನೋಡಿದ. ಯಾರಪ್ಪಾ ನೀನು ಎಂದು ನಾನು ಕೇಳಬೇಕು. ಕೇಳಿದರೆ ಅವನು ಹೇಳುತ್ತಾನೆ. ಏನು ಹೇಳುತ್ತಾನೆ ಎಂಬುದು ನನಗೆ ಗೊತ್ತಿತ್ತು. ಅವನು ಬಾಯಿ ತೆರೆದ.

ನಾನು ತಾಳ ತಟ್ಟಿ ಪದ ಎತ್ತಿದೆ.

ಪದ ನಡೆಯುವಾಗ ವೇಷ ಮಾತಾಡುವಂತಿಲ್ಲ, ಕುಣಿಯಬೇಕು. ನಮ್ಮ ಆಟದ ಕಟ್ಟುಪಾಡು ಅದು. ಭಾಗವತ ಪದ ಎತ್ತಿದ ಮೇಲೆ ರಾಜನ ವೇಷವಾದರೂ ಬಾಯಿ ಮುಚ್ಚಲೇಬೇಕು. ಮದ್ದಳೆಯವನು ಬೆಚ್ಚಿ ನನ್ನ ಕಡೆ ನೋಡಿ, ಹೇಗೋ ಸುಧಾರಿಸಿಕೊಂಡು ನುಡಿಸಿದ. ಅವನು ಕುಣಿದ. ಪದ ಮುಗಿಯಿತು, ಮತ್ತೆ ಬಾಯಿ ತೆರೆದ. ನಾನು ಇನ್ನೊಂದು ಪದ ಎತ್ತಿದೆ. ಮಂಡಿನೋವಿನ ಕಾಲಿನಲ್ಲಿ ಮತ್ತೆ ಕುಣಿದ. ಮೂರನೆಯ ಸಲ ಅವನು ಬಾಯಿ ತೆರೆಯಲಿಲ್ಲ. ನನ್ನನ್ನು ಸ್ವಲ್ಪ ಹೊತ್ತು ನೋಡಿ, ಹಿಡಿಕಡ್ಡಿ ಹೆಗಲಿಗಿಟ್ಟು ಒಳಗೆ ಹೋದ. ಹೊತ್ತಾಯಿತೆಂದು ಭಾಗವತರು ಹಾಸ್ಯವನ್ನು ಮೊಟಕು ಮಾಡಿದರು ಎಂದು ಜನ ಅಂದುಕೊಂಡರು.

ಆಟ ಮುಗಿದ ಮೇಲೆ ಚೌಕಿಯಲ್ಲಿ ಅವನು ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದ. ನಾನು ಪಕ್ಕದಲ್ಲಿ ಕೂತೆ.

‘ಇಡಗುಂಜಿಗೆ ಹೋದವ್ರು ನೀವೇ ಅಲ್ದ?’

ಹೌದೆಂದು ತಲೆ ಆಡಿಸಿದೆ.

‘ಬೇಜಾರಿಲ್ಲ ಅಂತ ನಾ ಹೇಳೂದಿಲ್ಲ. ಬೇಜಾರದೆ. ರಸೀದಿಗಿಂತ ಪದಕ್ಕೆ ಬೇಜಾರದೆ.’ ಅರಿವೆ ಮಡಚಿ ಇನ್ನೊಂದು ಕೆನ್ನೆ ಒರೆಸಿದ. ‘ನಾ ನಾಳೆ ಹೊರಗೆ ನಿಂತು ಸುಳ್ಳು ಅಂತ ಹೇಳ್ಬಹುದು. ಹೇಳಿದ್ರೆ ದೇವ್ರ ಹೆಸ್ರಲ್ಲಿ ಸುಳ್ಳ್ ಮಾಡ್ದ ಭಾಗ್ವತ ಅಂತ ನಿಮ್ಗೆ ಒಂದು ಆಟ ಸಿಕ್ಕೂದಿಲ್ಲ. ನಂಗೆ ದೋಣಿ ಆದ್ರೂ ಅದೆ. ನಿಮ್ಗೆ ಪದ ಬಿಟ್ರೆ ಎಂತ ಬರ್ತದೆ?’

ನಾನು ಎಣ್ಣೆಯ ಬಟ್ಟಲನ್ನು ಅವನ ಕಡೆ ಸರಿಸಿದೆ.

‘ನೀವೇ ಹೇಳಿ. ನಿಮ್ಗೆ ಯಾವಾಗ ಆಗ್ತದೋ ಆವಾಗ. ನಾ ಹೇಳೂದಿಲ್ಲ.’

‘ಹೇಳ್ತೆ,’ ಎಂದೆ.

‘ಆತು,’ ಎಂದ.

ಮೂರು ವರ್ಷ. ಮೊದಲು ಆ ವರ್ಷದ ಮೇಳದ ತಿರುಗಾಟ ಮುಗಿಯಲಿ ಎಂದುಕೊಂಡೆ. ಆಮೇಲೆ ಮಳೆಗಾಲ ಕಳೆಯಲಿ ಎಂದೆ. ನನ್ನ ಮಗಳ ಮದುವೆ ಆಗಲಿ ಎಂದೆ, ಅದೂ ಆಯಿತು. ಅವನು ಒಮ್ಮೆಯೂ ಕೇಳಲಿಲ್ಲ. ಆದರೆ ದೇವರಿಲ್ಲ ಎಂದು ಹೇಳುವುದನ್ನು ಅವನು ನಿಲ್ಲಿಸಬೇಕಾಯಿತು. ಹೇಳಿದರೆ ಎದುರಿನವರು ಕಣ್ಣು ಮಿಟುಕಿಸಿ, ಇಡಗುಂಜಿಗೆ ಹೋದದ್ದು ನಾವು ಕೇಳಿದ್ದೇವೆ ಬಿಡು ಎನ್ನುತ್ತಿದ್ದರು. ಕಡೆಗೂ ಬುದ್ಧಿ ಬಂತು ಎಂದು ಬೆನ್ನು ತಟ್ಟುತ್ತಿದ್ದರು. ಅಂಥ ಹೊತ್ತಿನಲ್ಲಿ ನಾನು ಅಲ್ಲಿದ್ದರೆ ಅವನು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಆಟದ ಪೂಜೆಯ ಹೊತ್ತಿಗೆ ಎಂದಿನಂತೆ ಹೊರಗೆ ಹೋಗುತ್ತಿದ್ದ, ಈಗ ಅದನ್ನೂ ಜನ ಬೀಡಿ ಸೇದಲು ಹೋದ ಎಂದೇ ತಿಳಿದರು. ಅವನು ಬೀಡಿ ಸೇದುತ್ತಲೇ ಇರಲಿಲ್ಲ.

ಕಳೆದ ತಿಂಗಳು ಬೆಳಿಗ್ಗೆ ಹತ್ತು ಗಂಟೆಗೆ ದಕ್ಕೆಯಲ್ಲಿ ಮಾತಾಡುತ್ತಾ ನಿಂತವನು ಹಾಗೇ ಕುಸಿದನಂತೆ. ನಾನು ಕಾಸರಕೋಡು ಮುಟ್ಟುವಾಗ ಅಂಗಳದಲ್ಲಿ ಮಲಗಿಸಿದ್ದರು. ಅವನ ಹೆಂಡತಿ ಮೀನು ಒಣಗಿಸುವ ಕಣದಲ್ಲಿ ಕೆಲಸ ಮಾಡುವ ಹೆಂಗಸು, ಗಟ್ಟಿಯಾಗಿ ಅಳುವವಳೂ ಅಲ್ಲ. ‘ಕಾರ್ಯ, ಹೋಮ ಎಂತದೂ ಬೇಡ ಅಂತ ಹೇಳಿಟ್ಟಿದ್ದ. ಹಾಗೇ ಮಾಡುವ,’ ಎನ್ನುತ್ತಿದ್ದಳು. ಅಣ್ಣಂದಿರು ಒಪ್ಪಲಿಲ್ಲ. ಅದು ಹಳೇ ಮಾತು, ಆಮೇಲೆ ಅವನು ದೇವರ ದಾರಿಗೆ ಬಂದಿದ್ದ ಎಂದರು. ದೊಡ್ಡಣ್ಣ ನನ್ನ ಕಡೆ ತಿರುಗಿ ಎಲ್ಲರ ಎದುರು ಕೇಳಿದ. ‘ಭಾಗ್ವತ್ರೇ ಹೇಳ್ಲಿ. ಇಡಗುಂಜಿ ಸೇವೆ ಸುಳ್ಳನ್ರಾ?’

ಅವಳೂ ನನ್ನನ್ನೇ ನೋಡುತ್ತಿದ್ದಳು.

‘ರಸೀದಿ ಇದ್ದದ್ದು ಹೌದು,’ ಎಂದೆ.

ಇಷ್ಟು ವರ್ಷ ಪದ ಹೇಳಿದ ಈ ಬಾಯಲ್ಲಿ ಅಷ್ಟು ಕೆಟ್ಟ ಮಾತು ಇನ್ನೊಂದು ಬಂದಿಲ್ಲ. ಹನ್ನೆರಡು ದಿನ ಎಲ್ಲ ಕಾರ್ಯವೂ ಕ್ರಮವಾಗಿ ನಡೆಯಿತು. ದೇವರಿಲ್ಲ ಎಂದವನ ಹೆಸರು ಗೋತ್ರ ಹೇಳಿ ಸದ್ಗತಿ ಬೇಡಿದರು. ಅವಳು ಒಂದು ಮೂಲೆಯಲ್ಲಿ ಕೂತು ನೋಡಿದಳು.

ಹದಿನೈದು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ಹೊನ್ನಾವರದ ಒಂದು ಸಭಾಭವನದಲ್ಲಿ ನುಡಿನಮನ. ನನಗಿಂತ ಮೊದಲು ಮಾತಾಡಿದವರು, ನಾಸ್ತಿಕನಾಗಿದ್ದ ಕಲಾವಿದ ಕೊನೆಗೆ ಭಗವಂತನ ಪಾದಕ್ಕೆ ಶರಣಾದದ್ದೇ ಈ ಮಣ್ಣಿನ ಮಹಿಮೆ ಎಂದರು. ಚಪ್ಪಾಳೆ ಬಿತ್ತು. ಭಾಗವತರು ಎರಡು ಮಾತಾಡಿ, ಆಗದಿದ್ದರೆ ಒಂದು ಪದ ಹೇಳಿ ಎಂದು ನನ್ನನ್ನು ಕರೆದರು. ಪದ ನಾಲಿಗೆಯ ತುದಿಗೇ ಬಂದಿತ್ತು. ಎಷ್ಟು ಸುಲಭವಿತ್ತೆಂದು ಹೇಳಲಾರೆ.

ಪದ ಹೇಳಲಿಲ್ಲ. ‘ಇಡಗುಂಜಿ ಸೇವೆ ಅವನದಲ್ಲ, ನನ್ನದು. ಅವನಿಗೆ ತಿಳಿಸದೆ ನಾನು ಬರೆಸಿದ್ದು. ಅವನು ಯಾರಲ್ಲಿಯೂ ಕ್ಷಮೆ ಕೇಳಲಿಲ್ಲ. ದೇವರಿಲ್ಲ ಎಂದೇ ಹೇಳಿದ್ದ, ಹಾಗೆಯೇ ಹೋದ. ಸುಳ್ಳು ಹೇಳಿದ್ದು ದೇವರಿದ್ದಾನೆ ಎನ್ನುವ ನಾನು,’ ಎಂದೆ. ಅಧ್ಯಕ್ಷರು ಎದ್ದು, ಭಾಗವತರು ದುಃಖದಲ್ಲಿದ್ದಾರೆ, ನಾವು ಅರ್ಥಮಾಡಿಕೊಳ್ಳೋಣ ಎಂದು ಮುಂದಿನವರ ಹೆಸರು ಕರೆದರು. ಕೆಳಗೆ ಇಳಿಯುವಾಗ ಯಜಮಾನರು ಕೈ ಹಿಡಿದು ನಿಲ್ಲಿಸಿ, ‘ಸತ್ತವಂಗೆ ಸಿಕ್ಕ ಪುಣ್ಯ ಎಂತಕ್ಕೆ ಕಿತ್ತ್ಕೊಳ್ತ್ರಿ?’ ಎಂದು ಸಣ್ಣ ದನಿಯಲ್ಲಿ ಗದರಿದರು. ಮುಂದಿನ ತಿರುಗಾಟಕ್ಕೆ ಬೇರೆ ಭಾಗವತರನ್ನು ನೋಡುತ್ತಿದ್ದಾರೆಂದು ಆಮೇಲೆ ಕೇಳಿದೆ. ಅದರ ಬಗ್ಗೆ ನನ್ನದೇನೂ ದೂರಿಲ್ಲ.

ಸಭೆಗೆ ಬಂದಿದ್ದ ಅವನ ಹೆಂಡತಿ ಮುಗಿಯುವವರೆಗೆ ಕೂರಲಿಲ್ಲ. ನಾನೂ ಎದ್ದು ಅವಳ ಹಿಂದೆ ಬಸ್‌ಸ್ಟ್ಯಾಂಡಿನವರೆಗೆ ನಡೆದೆ. ಬಿಸಿಲು ನೆತ್ತಿ ಸುಡುತ್ತಿತ್ತು. ತಡವಾಯಿತು, ದೊಡ್ಡ ತಪ್ಪಾಯಿತು ಎಂದೆ. ಬೈದರೆ ಚೆನ್ನಾಗಿತ್ತು ಎಂದು ಮನಸ್ಸಿನಲ್ಲಿತ್ತು. ಅವಳು ಬೈಯಲಿಲ್ಲ.

‘ಆಟ ಮುಗ್ಸಿ ಮನೆಗೆ ಬಂದಾಗೆಲ್ಲ ನಾ ಕೇಳ್ತಿದ್ದೆ, ಭಾಗ್ವತ್ರು ಹೇಳ್ದ್ರನಾ ಅಂತ. ಇನ್ನೂ ಇಲ್ಲ, ಹೇಳ್ತ್ರು ಅಂತಿದ್ದ. ಅವ್ರು ಹೇಳುವವ್ರಲ್ಲ, ನೀ ಸುಮ್ನೆ ಕಾಯ್ತೆ ಅಂತ ನಾ ಜಗಳ ಮಾಡ್ತಿದ್ದೆ. ಮೂರು ವರ್ಷ ಅದೇ ಜಗಳ.’

ಕಾಸರಕೋಡಿನ ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

‘ದೇವ್ರನ್ನ ನಂಬ್ದವ ಅಲ್ಲ ಅಂವ. ನಿಮ್ಮನ್ನ ನಂಬಿದ್ದ.’